ಚಕ್ರ ನೆಲಕ್ಕೆ ತಾಗಿದರೆ ರೋಬೋ ರೀಸೆಟ್: ಕೋಡ್ ಬಿಡಿ, ಮೀಟರ್ ಹಿಡಿಯಿರಿ

ವಿದ್ಯಾರ್ಥಿಗಳು ಕಟ್ಟುವ ರೋಬೋಗಳಲ್ಲಿ ಒಂದು ಕಾಯಿಲೆ ಎಲ್ಲ ಕಡೆ ಕಾಣುತ್ತದೆ. ಕೈಯಲ್ಲಿ ಎತ್ತಿ ಹಿಡಿದರೆ ನಾಲ್ಕೂ ಚಕ್ರ ಗಿರಗಿರ ತಿರುಗುತ್ತವೆ. ನೆಲಕ್ಕಿಟ್ಟರೆ ಅರ್ಧ ಅಡಿ ಹೋಗಿ ನಿಂತುಬಿಡುತ್ತದೆ. ಬೋರ್ಡಿನ ದೀಪ ಒಮ್ಮೆ ಆರಿ ಹತ್ತುತ್ತದೆ, ಫೋನಿನ ವೈಫೈ ಕಡಿದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಹುಡುಗರು ತಕ್ಷಣ ಲ್ಯಾಪ್‌ಟಾಪ್ ತೆರೆದು ಕೋಡ್ ತಿದ್ದಲು ಕೂರುತ್ತಾರೆ. ನಿನ್ನೆ ಸರಿಯಿದ್ದ ಕೋಡ್ ಇವತ್ತು ತಾನಾಗಿಯೇ ಕೆಡುವುದಿಲ್ಲ ಅನ್ನೋದು ಯಾರಿಗೂ ಹೊಳೆಯುವುದಿಲ್ಲ. ಬೆಸುಗೆ ಕೆಡುತ್ತದೆ, ಸ್ವಿಚ್ ಕೆಡುತ್ತದೆ, ಬ್ಯಾಟರಿ ಹೋಲ್ಡರಿನ ಸ್ಪ್ರಿಂಗ್ ಕೆಡುತ್ತದೆ.

ತೀರ್ಥಹಳ್ಳಿ ಕಡೆಯ ಡಿಪ್ಲೊಮಾ ಹುಡುಗರ ಒಂದು ರೋಬೋ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯನ್ನು ಕೈಯಾಡಿಸುವ ಪುಟ್ಟ ಮಾದರಿ ಅದು. ನಾಲ್ಕು ಹಳದಿ ಬಿಓ (ಬ್ಯಾಟರಿಯಲ್ಲಿ ಓಡುವ ಪುಟ್ಟ) ಮೋಟಾರ್, ಅವಕ್ಕೆ ಕರೆಂಟ್ ಕೊಡುವ ಕೆಂಪು ಬಣ್ಣದ ಎಲ್298ಎನ್ ಡ್ರೈವರ್ ಬೋರ್ಡ್, ಮಿದುಳಿನ ಜಾಗದಲ್ಲಿ ವೈಫೈ ಇರುವ ಮೈಕ್ರೋಕಂಟ್ರೋಲರ್ ಇಎಸ್‌ಪಿ32, ಎರಡು 18650 ಲಿಥಿಯಂ ಸೆಲ್. ಡ್ರೈವರ್ ಬೋರ್ಡಿನ ಮೇಲೇ ಇರುವ ರೆಗ್ಯುಲೇಟರಿನಿಂದ (ವೋಲ್ಟೇಜನ್ನು ಇಳಿಸಿ ಒಂದೇ ಮಟ್ಟದಲ್ಲಿ ಇಡುವ ಭಾಗ) 5 ವೋಲ್ಟ್ ತೆಗೆದು ಇಎಸ್‌ಪಿ32ಗೆ ಕೊಟ್ಟಿದ್ದರು. ಬಹುತೇಕ ಎಲ್ಲರೂ ಕಟ್ಟುವುದೇ ಹೀಗೆ. ಬೆಳಗ್ಗೆ ಚಾರ್ಜ್ ಮಾಡಿದ ಸೆಲ್ ಹಾಕಿದರೆ ಚೆನ್ನಾಗಿ ಓಡುತ್ತಿತ್ತು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಹಠ ಹಿಡಿಯುತ್ತಿತ್ತು. ಸುಳಿವು ಅಲ್ಲೇ ಇತ್ತು, ಆದರೆ ಅದನ್ನು ಓದಲು ಸ್ವಲ್ಪ ಹಿನ್ನೆಲೆ ಬೇಕು.

ಶುರುವಾಗುವ ಕ್ಷಣವೇ ದುಬಾರಿ

ಮೋಟಾರ್ ತಿರುಗುತ್ತಿರುವಾಗ ಅದು ಒಂದು ಸಣ್ಣ ಜನರೇಟರ್ ಕೂಡ ಹೌದು. ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿಕೊಳ್ಳುತ್ತದೆ, ಅದು ಬರುವ ಕರೆಂಟನ್ನು ತಡೆಯುತ್ತದೆ. ವೇಗ ಜಾಸ್ತಿಯಾದಷ್ಟೂ ತಡೆ ಜಾಸ್ತಿ. ನಿಂತ ಮೋಟಾರಿಗೆ ಈ ತಡೆ ಇಲ್ಲ. ಆಗ ಕರೆಂಟನ್ನು ಹಿಡಿದಿಡುವುದು ಬರೀ ತಾಮ್ರದ ಸುರುಳಿಯ ರೆಸಿಸ್ಟೆನ್ಸ್ ಮಾತ್ರ. ಸುರುಳಿ 8 ಓಮ್ ಅಂತ ಇಟ್ಟುಕೊಳ್ಳಿ, ಮೋಟಾರಿಗೆ ಸಿಗುವುದು 5 ವೋಲ್ಟ್ ಅನ್ನಿ. ಒಂದು ಮೋಟಾರ್ ಸುಮಾರು 0.6 ಆಂಪ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಹೊರಟರೆ 2.5 ಆಂಪ್. ಅದೇ ನಾಲ್ಕು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುವಾಗ ಇದರ ಮೂರನೇ ಒಂದು ಭಾಗವೂ ಬೇಕಾಗುವುದಿಲ್ಲ. ಎತ್ತಿ ಹಿಡಿದಾಗ ಸರಿ, ನೆಲಕ್ಕಿಟ್ಟಾಗ ಕೆಡುವುದು ಇದಕ್ಕೇ. ಗಾಳಿಯಲ್ಲಿ ಚಕ್ರ ಕಣ್ಣು ಮಿಟುಕಿಸುವುದರೊಳಗೆ ವೇಗಕ್ಕೆ ಬರುತ್ತದೆ. ಅಡಿಕೆ ಹೋಳಿಗೆ ಸಿಕ್ಕಿಕೊಂಡ ಚಕ್ರ ವೇಗಕ್ಕೆ ಬರುವುದೇ ಇಲ್ಲ.

ತೋಟದ ಪಂಪ್‌ಸೆಟ್ ಚಾಲೂ ಆದಾಗ ಮನೆಯ ಬಲ್ಬು ಒಂದು ಕ್ಷಣ ಮಂಕಾಗುತ್ತದಲ್ಲ, ಅದೇ ಕಥೆ ಇದು. ಲೈನ್ ಉದ್ದವಾಗಿದ್ದು ಜಾಯಿಂಟ್ ಸಡಿಲವಿದ್ದರೆ ಮಂಕು ಜಾಸ್ತಿ. ಬಲ್ಬು ಮಂಕಾಗಿ ಸುಧಾರಿಸಿಕೊಳ್ಳುತ್ತದೆ. ಮೈಕ್ರೋಕಂಟ್ರೋಲರಿಗೆ ಆ ಸಹನೆ ಇಲ್ಲ. ಇಎಸ್‌ಪಿ32 ಚಿಪ್ಪಿಗೆ ಕನಿಷ್ಠ 3.0 ವೋಲ್ಟ್ ಬೇಕು. ಸುಮಾರು 2.4ಕ್ಕೆ ಇಳಿದರೆ ಒಳಗಿನ ಬ್ರೌನ್‌ಔಟ್ (ವೋಲ್ಟೇಜ್ ಕುಸಿತ) ಕಾವಲುಗಾರ ಚಿಪ್ಪನ್ನು ರೀಸೆಟ್ ಮಾಡುತ್ತಾನೆ. ಆರ್ಡುಯಿನೋ ಊನೋದಲ್ಲಿ ಈ ಮಿತಿ 2.7 ವೋಲ್ಟ್. ಅದು 5 ವೋಲ್ಟಿನಲ್ಲಿ ಓಡುವ ಬೋರ್ಡ್ ಆದ್ದರಿಂದ ಅಲ್ಲಿಗೆ ಬೀಳಲು ದೂರ ಜಾಸ್ತಿ. ಊನೋದಲ್ಲಿ ಕಾಣದ ದೋಷ ಇಎಸ್‌ಪಿ32ನಲ್ಲಿ ಎದ್ದು ಕಾಣುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ವೈಫೈ. ಅದು ಸಿಗ್ನಲ್ ಕಳಿಸುವ ಹೊತ್ತಿನಲ್ಲಿ ಚಿಪ್ ಒಂದೇ 240 ಮಿಲಿಆಂಪ್ ತನಕ ಎಳೆಯಬಲ್ಲದು.

ಈಗ ಆ ರೋಬೋದ ಲೆಕ್ಕ ಹಾಕೋಣ. ಬ್ಯಾಟರಿಯಿಂದ ಡ್ರೈವರ್ ಬೋರ್ಡಿನ ಒಳಗಿನ ತನಕ ದಾರಿಯಲ್ಲಿ ಎಲ್ಲೋ ಒಂದು ಕಡೆ 0.6 ಓಮ್ ಅಡ್ಡ ಬಂದಿದೆ ಅನ್ನಿ. 2.5 ಆಂಪ್ ಹರಿದರೆ ಅಲ್ಲೇ 1.5 ವೋಲ್ಟ್ ಕಳೆದುಹೋಗುತ್ತದೆ. ಬೋರ್ಡಿನ 78ಎಂ05 ರೆಗ್ಯುಲೇಟರ್ ಕೆಲಸ ಮಾಡಲು ತನಗಾಗಿ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಇಎಸ್‌ಪಿ32 ಬೋರ್ಡಿನ ಮೇಲಿನ 3.3 ವೋಲ್ಟ್ ರೆಗ್ಯುಲೇಟರ್ ಎಎಂಎಸ್1117 ಆಗಿದ್ದರೆ ಅದಕ್ಕೆ ಇನ್ನೊಂದು 1.1.

ಎರಡು ಸೆಲ್ ಪೂರ್ತಿ ತುಂಬಿದ್ದಾಗ 8.4 ವೋಲ್ಟ್. 1.5 ಹೋಗಿ 6.9, ಅದರಲ್ಲಿ 2 ಹೋಗಿ 4.9, ಮತ್ತೆ 1.1 ಹೋದರೂ 3.3ಕ್ಕೆ ಬೇಕಾದಷ್ಟು ಉಳಿಯುತ್ತದೆ. ರೋಬೋ ಓಡುತ್ತದೆ. ಸೆಲ್ 7.4ಕ್ಕೆ ಬಂದಾಗ ಚಿಪ್ಪಿಗೆ ಸಿಗುವುದು 2.8. ಕುಂಟುತ್ತದೆ, ವೈಫೈ ಕಡಿಯುತ್ತದೆ. 6.8ಕ್ಕೆ ಬಂದರೆ 2.2, ಅಂದರೆ ರೀಸೆಟ್. ಬೆಳಗ್ಗೆ ಸರಿ, ಮಧ್ಯಾಹ್ನ ಹಠ ಅಂದರೆ ಇದೇ. ಅದೇ 6.8ರಲ್ಲಿ ಆ ಅಡ್ಡಿ ಇಲ್ಲದಿದ್ದರೆ? 6.8ರಿಂದ 4.8, ಅಲ್ಲಿಂದ 3.7. ಆರಾಮಾಗಿ ಓಡುತ್ತಿತ್ತು. ಬ್ಯಾಟರಿಯನ್ನು ಬೈಯುವ ಮೊದಲು ಈ ಲೆಕ್ಕ ಹಾಕಿ ನೋಡಬೇಕು. ಹೊಸ ಸೆಲ್ ಹಾಕಿದಾಗ ದೋಷ ಮಾಯವಾದರೆ ಹಳೆ ಸೆಲ್ಲೇ ಕಳ್ಳ ಅಂತ ತೀರ್ಮಾನ ಮಾಡುವವರು ಬಹಳ ಜನ.

ಮೊದಲು ಕೋಡನ್ನೇ ಕೇಳಿ, ಆಮೇಲೆ ಪವರ್ ಬ್ಯಾಂಕ್

ರೀಸೆಟ್ ಯಾಕಾಯಿತು ಅಂತ ಇಎಸ್‌ಪಿ32 ನೆನಪಿಟ್ಟುಕೊಂಡಿರುತ್ತದೆ. ಬೋರ್ಡ್ ಕಳಿಸುವ ಸಂದೇಶಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದಿಟ್ಟರೆ ಬ್ರೌನ್‌ಔಟ್ ಡಿಟೆಕ್ಟರ್ ಕೆಲಸ ಮಾಡಿತು ಅಂತ ಅದೇ ಬರೆಯುತ್ತದೆ. ಕಾರಣವನ್ನು ಓದುವ ಫಂಕ್ಷನ್ ಕೂಡ ಇದೆ, ಪ್ರೋಗ್ರಾಂ ಶುರುವಿನಲ್ಲೇ ಅದನ್ನು ಕರೆದು ಪ್ರಿಂಟ್ ಮಾಡಿಸಬಹುದು. ಬ್ರೌನ್‌ಔಟ್ ಅಥವಾ ಪವರ್ ಆನ್ ಅಂತ ಬಂದರೆ ದಾರಿ ವಿದ್ಯುತ್ತಿನ ಕಡೆಗೆ. ಪ್ಯಾನಿಕ್ ಅಂತ ಬಂದರೆ ಕೋಡ್ ಎಲ್ಲೋ ಎಡವಿದೆ, ಲ್ಯಾಪ್‌ಟಾಪ್ ಮುಂದೆ ಕೂತಿದ್ದು ಸರಿ. ವಾಚ್‌ಡಾಗ್ ಅಂದರೆ ಪ್ರೋಗ್ರಾಂ ಎಲ್ಲೋ ಸಿಕ್ಕಿಕೊಂಡು ಕೂತಿದೆ. ಸೆನ್ಸರಿನ ವೈರು ಬಿಟ್ಟು ಉತ್ತರ ಬರದೇ ಇದ್ದರೂ ಹೀಗಾಗಬಹುದು.

ಇಲ್ಲಿ ಒಂದು ಎಡವಟ್ಟಿದೆ. ಸೀರಿಯಲ್ ಮಾನಿಟರ್ ನೋಡಲು ಯುಎಸ್‌ಬಿ ಕೇಬಲ್ ಚುಚ್ಚಿದ ಕೂಡಲೇ ಇಎಸ್‌ಪಿ32ಗೆ ಲ್ಯಾಪ್‌ಟಾಪಿನಿಂದ ವಿದ್ಯುತ್ ಬರುತ್ತದೆ, ದೋಷ ನಾಪತ್ತೆ! "ನೋಡಿ ಸರ್, ಕೇಬಲ್ ಹಾಕಿದ್ರೆ ಚೆನ್ನಾಗಿ ಓಡುತ್ತೆ" ಅಂತ ಹುಡುಗರು ಗೊಂದಲಕ್ಕೆ ಬೀಳುತ್ತಾರೆ. ಗೊಂದಲ ಯಾಕೆ? ಅದೇ ಉತ್ತರ. ಕಾರಣವನ್ನೇ ಓದಬೇಕು ಅಂದರೆ ಅದನ್ನು ಚಿಪ್ಪಿನ ಮೆಮೊರಿಯಲ್ಲಿ ಬರೆದಿಟ್ಟು, ಆಮೇಲೆ ಕೇಬಲ್ ಹಾಕಿ ಓದಿ.

ಈ ಎಡವಟ್ಟನ್ನೇ ಪರೀಕ್ಷೆಯಾಗಿ ಬಳಸಬಹುದು. ಡ್ರೈವರ್ ಬೋರ್ಡಿನಿಂದ ಇಎಸ್‌ಪಿ32ಗೆ ಬರುವ 5 ವೋಲ್ಟ್ ವೈರನ್ನು ಬಿಚ್ಚಿ. ಗ್ರೌಂಡ್ (ಮೈನಸ್) ವೈರ್ ಮಾತ್ರ ಹಾಗೇ ಇರಲಿ, ಅದನ್ನು ಬಿಚ್ಚಿದರೆ ಸಿಗ್ನಲ್ ಹೋಗುವುದಿಲ್ಲ. ಈಗ ಇಎಸ್‌ಪಿ32ಗೆ ಪವರ್ ಬ್ಯಾಂಕಿನಿಂದ ಯುಎಸ್‌ಬಿ ಮೂಲಕ ವಿದ್ಯುತ್ ಕೊಡಿ. ಮೋಟಾರಿಗೆ ಅದೇ ಹಳೆ ಸೆಲ್. ನೆಲಕ್ಕಿಟ್ಟು ಓಡಿಸಿ. ರೀಸೆಟ್ ನಿಂತರೆ ವಿದ್ಯುತ್ ಬರುವ ದಾರಿಯಲ್ಲೇ ತಪ್ಪಿದೆ. ನಿಲ್ಲದಿದ್ದರೆ ಮೋಟಾರಿನ ಬ್ರಷ್ ಕಿಡಿಯಿಂದ ಬರುವ ಗದ್ದಲ, ಸಿಗ್ನಲ್ ವೈರ್ ಅಥವಾ ಕೋಡ್ ಕಡೆ ತಿರುಗಬೇಕು. ಗದ್ದಲಕ್ಕೆ ಪ್ರತಿ ಮೋಟಾರಿನ ಎರಡು ಕಾಲುಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆದರೆ ಬಹಳ ಸಲ ಸಾಕಾಗುತ್ತದೆ.

ಅಡಿಕೆ ರೋಬೋದಲ್ಲಿ ರೀಸೆಟ್ ನಿಂತಿತು. ಕೋಡ್ ಅಲ್ಲಿಗೆ ಖುಲಾಸೆ.

ಬೀಪ್ ಬಂತು ಅಂದರೆ ಸರಿಯಿದೆ ಅಂತಲ್ಲ

ಇನ್ನು ಆ 0.6 ಓಮ್ ಎಲ್ಲಿದೆ ಅಂತ ಹುಡುಕಬೇಕು. ಹುಡುಗರು ಆಗಲೇ ಎಲ್ಲ ವೈರುಗಳನ್ನೂ ಮಲ್ಟಿಮೀಟರಿನ ಬೀಪ್ (ಸಂಪರ್ಕ ಇದ್ದರೆ ಕೂಗುವ ಸೆಟ್ಟಿಂಗ್) ಇಟ್ಟು ನೋಡಿಯಾಗಿತ್ತು. ಎಲ್ಲ ಕಡೆ ಬೀಪ್ ಬಂದಿತ್ತು. ಬರದೇ ಏನು ಮಾಡುತ್ತದೆ? ಸಾಮಾನ್ಯ ಮೀಟರಿನ ಬೀಪ್ ಹತ್ತಾರು ಓಮ್ ಇದ್ದರೂ ಕೂಗುತ್ತದೆ. ಅದು ಕಳಿಸಿ ನೋಡುವ ಕರೆಂಟೂ ಬಹಳ ಸಣ್ಣದು. ಕೂದಲೆಳೆಯಷ್ಟು ತಾಮ್ರ ಅಂಟಿಕೊಂಡಿದ್ದರೂ ಅದಕ್ಕೆ ಸಾಕು. ಓಮ್ ಅಳೆಯುವ ಕಡೆ ತಿರುಗಿಸಿದರೂ ಅಷ್ಟೇ, ಕಡಿಮೆ ಬೆಲೆಯ ಮೀಟರಿನ ಪ್ರೋಬ್ ವೈರಿನದೇ 0.2ರಿಂದ 0.5 ಓಮ್ ಇರುತ್ತದೆ. ನಮಗೆ ಬೇಕಾದ 0.6 ಅದರಲ್ಲೇ ಮುಳುಗಿಹೋಗುತ್ತದೆ.

ಸರಿಯಾದ ದಾರಿ ಬೇರೆ. ಕರೆಂಟ್ ಹರಿಯುತ್ತಿರುವಾಗಲೇ, ಒಂದೇ ವೈರಿನ ಎರಡು ತುದಿಗೆ ಎರಡು ಪ್ರೋಬ್ ಇಟ್ಟು ವೋಲ್ಟ್ ಅಳೆಯುವುದು. ಒಳ್ಳೆ ವೈರಿನ ಈ ತುದಿಗೂ ಆ ತುದಿಗೂ ನಡುವೆ ವೋಲ್ಟೇಜ್ ಇರಬಾರದು ಅಲ್ವಾ? ಇದ್ದರೆ, ಇದ್ದಷ್ಟೂ ಅಲ್ಲೇ ಸೋರಿಹೋಗುತ್ತಿದೆ ಅಂತ ಅರ್ಥ. ವಾಹನ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್‌ಗಳು ಸ್ಟಾರ್ಟರ್ ಮೋಟಾರಿನ ಕೇಬಲ್ ನೋಡುವುದು ಹೀಗೇ. ರೋಬೋ ಕ್ಲಬ್ಬುಗಳಿಗೆ ಇದು ಯಾಕೋ ತಲುಪಿಲ್ಲ.

ಇದಕ್ಕೆ ಮೋಟಾರ್ ಭಾರ ಹೊತ್ತಿರಬೇಕು. ಒಬ್ಬರು ಚಕ್ರಗಳನ್ನು ಒತ್ತಿ ಹಿಡಿಯಲಿ, ಇನ್ನೊಬ್ಬರು ಅಳೆಯಲಿ. ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಮೋಟಾರೂ ಡ್ರೈವರೂ ಬಿಸಿಯಾಗುತ್ತವೆ. ಪವರ್ ಬ್ಯಾಂಕ್ ಈಗಲೂ ಇಎಸ್‌ಪಿ32ಗೆ ಚುಚ್ಚಿಯೇ ಇರಬೇಕು. ಇಲ್ಲದಿದ್ದರೆ ಅಳೆಯುವಷ್ಟರಲ್ಲಿ ಅದು ರೀಸೆಟ್ ಆಗಿ, ಮೋಟಾರ್ ನಿಂತು, ಮೀಟರ್ ಸೊನ್ನೆ ತೋರಿಸುತ್ತದೆ. ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ, ಕೆಲವೇ ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ದೋಷವನ್ನು ಒಂದೆರಡು ಸೆಕೆಂಡ್ ನಿಲ್ಲಿಸಿ ಹಿಡಿದರೆ ಮಾತ್ರ ಅಗ್ಗದ ಮೀಟರಿಗೂ ಸಿಗುತ್ತದೆ. ಕಾಲೇಜಿನಲ್ಲಿ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಡಿಜಿಟಲ್ ಆಸಿಲೋಸ್ಕೋಪ್ ಇದ್ದರೆ ಇಷ್ಟೆಲ್ಲ ಬೇಡ. ಚಿಪ್ಪಿನ 3.3 ವೋಲ್ಟ್ ಕಾಲಿಗೆ ಪ್ರೋಬ್ ಇಟ್ಟು, ಟ್ರಿಗರನ್ನು ಸಿಂಗಲ್‌ಗೆ ಹಾಕಿ, 3 ವೋಲ್ಟಿಗಿಂತ ಕೆಳಗೆ ಇಳಿದಾಗ ಹಿಡಿ ಅಂತ ಹೊಂದಿಸಿ. ಆಟೋದಲ್ಲೇ ಬಿಟ್ಟು ಪರದೆ ನೋಡುತ್ತಾ ಕೂತರೆ ಏನೂ ಕಾಣುವುದಿಲ್ಲ.

ಆ ರೋಬೋದಲ್ಲಿ ಅಳೆದದ್ದು ಹೀಗೆ. ಚಕ್ರ ಹಿಡಿದಾಗ ಬ್ಯಾಟರಿ 7.6ರಿಂದ 7.3ಕ್ಕೆ ಇಳಿಯಿತು. ಅದು ಸಹಜ, ಸೆಲ್‌ಗೂ ಒಳಗೆ ರೆಸಿಸ್ಟೆನ್ಸ್ ಇರುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಡ್ರೈವರ್ ಬೋರ್ಡಿನ ಸ್ಕ್ರೂ ತನಕ, ನಡುವಿನ ಸ್ವಿಚ್ಚೂ ಸೇರಿ, 0.3. ಇದನ್ನು ಬರೆದಿಟ್ಟುಕೊಂಡೆವು. ಬ್ಯಾಟರಿಯ ಮೈನಸ್‌ನಿಂದ ಗ್ರೌಂಡ್ ಸ್ಕ್ರೂ ತನಕ 0.05. ಇಲ್ಲಿಗೆ ಹೊರಗಿನ ವೈರುಗಳು ಮುಗಿದವು, ದೊಡ್ಡ ಕಳ್ಳ ಇನ್ನೂ ಸಿಕ್ಕಿಲ್ಲ. ಎಲ್ಲರೂ ನಿಲ್ಲಿಸುವುದು ಇಲ್ಲೇ. ಸ್ಕ್ರೂ ತನಕ ಬಂತಲ್ಲ, ಇನ್ನು ಬೋರ್ಡ್ ಕಂಪನಿಯವರು ಮಾಡಿದ್ದು, ಅದು ಸರಿಯೇ ಇರುತ್ತದೆ ಅಂತ.

ಎಲ್298 ಚಿಪ್ಪಿನ ಬೆನ್ನಿಗೆ ಒಂದು ಲೋಹದ ತಗಡು ಇರುತ್ತದೆ, ಕಪ್ಪು ಹೀಟ್‌ಸಿಂಕಿಗೆ ಬೋಲ್ಟ್ ಹಾಕುವ ಜಾಗ. ಆ ತಗಡು ಚಿಪ್ಪಿನ ಒಳಗೆ ಗ್ರೌಂಡಿಗೇ ಸೇರಿದೆ. ಒಂದು ಪ್ರೋಬ್ ಗ್ರೌಂಡ್ ಸ್ಕ್ರೂ ತಲೆ ಮೇಲೆ, ಇನ್ನೊಂದು ಆ ತಗಡಿನ ಮೇಲೆ. ಹೀಟ್‌ಸಿಂಕಿನ ಕಪ್ಪು ಮೈ ಮೇಲೆ ಇಟ್ಟರೆ ಆಗದು, ಆ ಲೇಪ ಕರೆಂಟ್ ಬಿಡುವುದಿಲ್ಲ. ಮೋಟಾರ್ ನಿಂತಿದ್ದಾಗ 0.00. ಚಕ್ರ ಹಿಡಿದು ಓಡಿಸಿದರೆ 1.4. ಸ್ಕ್ರೂವಿನಿಂದ ಚಿಪ್ಪಿಗೆ ಒಂದೂವರೆ ಇಂಚು ದೂರವಿಲ್ಲ, ಅಷ್ಟರಲ್ಲಿ 1.4 ವೋಲ್ಟ್ ಮಾಯ.

ಬೋರ್ಡ್ ತಿರುಗಿಸಿ, ಫೋನಿನ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದರೆ ನೀಲಿ ಟರ್ಮಿನಲ್ಲಿನ ಗ್ರೌಂಡ್ ಕಾಲಿನ ಸುತ್ತ ಬೆಸುಗೆಯಲ್ಲಿ ತೆಳ್ಳಗೆ ಒಂದು ಉಂಗುರದ ಬಿರುಕು. ಪಕ್ಕದಲ್ಲಿ ಬೋರ್ಡ್ ಸ್ವಲ್ಪ ಕಂದು ತಿರುಗಿತ್ತು. 2.5 ಆಂಪ್, 1.4 ವೋಲ್ಟ್ ಅಂದರೆ ಮೂರೂವರೆ ವ್ಯಾಟ್ ಬಿಸಿ ಅಷ್ಟು ಚಿಕ್ಕ ಜಾಗದಲ್ಲಿ. ಕಂದು ತಿರುಗದೇ ಇರುತ್ತದೆಯೇ?

ಗ್ರೌಂಡ್ ಕಾಲಲ್ಲೇ ಇದು ಜಾಸ್ತಿ ಯಾಕೆ ಅಂದರೆ, ಬೋರ್ಡಿನಲ್ಲಿ ಗ್ರೌಂಡಿಗೆ ದೊಡ್ಡ ತಾಮ್ರದ ಹರವು ಇರುತ್ತದೆ. ಬೆಸೆಯುವಾಗ ಅದು ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಸುಗೆ ಕಾಲಿಗೆ ಸರಿಯಾಗಿ ಹರಡಿ ಹಿಡಿಯದೆ ಮೇಲೆ ಕೂತುಬಿಡುತ್ತದೆ. ಆಮೇಲೆ ಸ್ಕ್ರೂಡ್ರೈವರ್ ಒತ್ತಿ ಒತ್ತಿ ತಿರುಗಿಸುವುದು, ಜೋತುಬಿದ್ದ ವೈರ್ ಹಿಡಿದು ರೋಬೋ ಎತ್ತುವುದು, ಓಡುವಾಗಿನ ನಡುಕ. ಒಂದು ದಿನ ಬಿಡುತ್ತದೆ.

ಅದನ್ನು ಸರಿಮಾಡಲು ಮೇಲೆ ಇನ್ನಷ್ಟು ಬೆಸುಗೆ ಸುರಿದರೆ ಪ್ರಯೋಜನವಿಲ್ಲ. ಹಳೆಯದನ್ನು ಹೀರಿ ತೆಗೆಯಿರಿ, ಕಾಲನ್ನು ಕೆರೆದು ಹೊಳೆಯುವಂತೆ ಮಾಡಿ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಅಂಟು) ಹಚ್ಚಿ, ಕಾಲನ್ನೂ ತಾಮ್ರವನ್ನೂ ಒಟ್ಟಿಗೆ ಕಾಯಿಸಿ ಹೊಸ ಬೆಸುಗೆ ಕೊಡಿ. ತವರ ಮತ್ತು ಸೀಸದ 60/40 ಬೆಸುಗೆ 183 ಡಿಗ್ರಿಯಿಂದ ಕರಗಲು ಶುರುವಾಗುತ್ತದೆ, ಆದರೂ ಐರನ್ ತುದಿ 350ರ ಹತ್ತಿರ ಇದ್ದರೆ ಒಳ್ಳೆಯದು. 25 ವ್ಯಾಟಿನ ಸಣ್ಣ ಐರನ್ ಇಂಥ ಕಾಲಿಗೆ ಸಾಲದು. ತುದಿ ಮುಟ್ಟಿದ ಕೂಡಲೇ ತಣ್ಣಗಾಗಿ, ಮತ್ತೊಂದು ಅರೆಬೆಂದ ಬೆಸುಗೆ ಆಗುತ್ತದೆ.

ಸುಲಭ ಮದ್ದುಗಳ ಬಗ್ಗೆ

ಯಾರನ್ನು ಕೇಳಿದರೂ ಮೊದಲು ಹೇಳುವುದು "ಒಂದು ದೊಡ್ಡ ಕೆಪಾಸಿಟರ್ ಹಾಕಿ" ಅಂತ. 1000 ಮೈಕ್ರೋಫ್ಯಾರಡ್ ಹಾಕಿದರೆ ಎಷ್ಟು ಹೊತ್ತು ತಡೆಯುತ್ತದೆ? ಇಎಸ್‌ಪಿ32 ಒಂದೇ 0.25 ಆಂಪ್ ಎಳೆಯುತ್ತಿದೆ, 1 ವೋಲ್ಟ್ ಇಳಿದರೂ ಪರವಾಗಿಲ್ಲ ಅಂದರೆ 4 ಮಿಲಿಸೆಕೆಂಡ್. ಮೋಟಾರಿನ ಜೊತೆ ಹಂಚಿಕೊಂಡರೆ ಅರ್ಧ ಮಿಲಿಸೆಕೆಂಡೂ ಇಲ್ಲ. ನಿಂತ ಮೋಟಾರ್ ವೇಗಕ್ಕೆ ಬರಲು ಹತ್ತಾರು ಮಿಲಿಸೆಕೆಂಡ್ ಬೇಕು, ಸಿಕ್ಕಿಕೊಂಡರೆ ಇನ್ನೂ ಜಾಸ್ತಿ. ಕೆಪಾಸಿಟರ್ ಬೇಡ ಅಂತಲ್ಲ, ಇರಲಿ. ಬಿರುಕು ಬಿಟ್ಟ ಬೆಸುಗೆಗೆ ಅದು ಮದ್ದಲ್ಲ ಅಷ್ಟೇ.

ಇನ್ನೊಂದು ಮದ್ದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಕೋಡಿನಲ್ಲಿ ಒಂದು ಸಾಲು ಬರೆದು ಬ್ರೌನ್‌ಔಟ್ ಕಾವಲನ್ನೇ ಆಫ್ ಮಾಡುವುದು. ರೀಸೆಟ್ ನಿಲ್ಲುತ್ತದೆ, ನಿಜ. ಆದರೆ 2 ವೋಲ್ಟಿನಲ್ಲಿ ಚಿಪ್ ಏನು ಮಾಡುತ್ತದೆ ಅಂತ ಯಾರೂ ಹೇಳಲಾರರು. ಮೋಟಾರ್ ಪಿನ್ ಆನ್ ಆಗಿಯೇ ಸಿಕ್ಕಿಕೊಂಡರೆ ರೋಬೋ ಅಂಗಳ ದಾಟಿ ಹೋಗುತ್ತದೆ.

ದೊಡ್ಡ ಸ್ಪರ್ಧೆಗಳ ಕಂಟ್ರೋಲರುಗಳಲ್ಲಿ ಈ ಸಮಸ್ಯೆಗೆ ಒಳ್ಳೆ ಯೋಚನೆ ಮಾಡಿದ್ದಾರೆ. ಅಮೆರಿಕದ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯಲ್ಲಿ ಬಳಕೆಗೆ ಬಂದ ರೋಬೋರಿಯೋ ಕಂಟ್ರೋಲರಿನ ಮೊದಲ ಆವೃತ್ತಿ ನೋಡಿ. 12 ವೋಲ್ಟಿನ ಬ್ಯಾಟರಿ 6.3ಕ್ಕೆ ಕುಸಿದರೆ ಅದು ಮೊದಲು ಮೋಟಾರುಗಳ ಸಿಗ್ನಲ್ ನಿಲ್ಲಿಸುತ್ತದೆ, ಮಿದುಳು ಎಚ್ಚರವಾಗಿಯೇ ಇರುತ್ತದೆ. ಅದು ಪೂರ್ತಿ ಆರುವುದು 4.5ಕ್ಕಿಂತ ಕೆಳಗೆ ಹೋದಾಗ. ನಮ್ಮ ಹುಡುಗರ ರೋಬೋಗಳಲ್ಲೂ ಇದನ್ನು ಮಾಡಬಹುದು. ಬ್ಯಾಟರಿ ವೋಲ್ಟೇಜನ್ನು ಎರಡು ರೆಸಿಸ್ಟರ್ ಮೂಲಕ ಇಳಿಸಿ ಒಂದು ಅನಲಾಗ್ ಪಿನ್ನಿಗೆ ಕೊಟ್ಟು, ಮಿತಿ ದಾಟಿದರೆ ಮೋಟಾರಿನ ವೇಗ ಇಳಿಸುವುದು. ನಾಲ್ಕೂ ಮೋಟಾರನ್ನು ಒಮ್ಮೆಲೇ ಪೂರ್ತಿ ವೇಗಕ್ಕೆ ಹಚ್ಚುವ ಬದಲು ಅರ್ಧ ಸೆಕೆಂಡಿನಲ್ಲಿ ಮೆಲ್ಲಗೆ ಏರಿಸಿದರೂ ಶುರುವಿನ ಎಳೆತ ಬಹಳ ತಗ್ಗುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ತಲೆನೋವು ಮಳೆಗಾಲದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಜೂನ್‌ನಿಂದ ಆಗಸ್ಟ್ ತನಕ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬ್ಯಾಟರಿ ಹೋಲ್ಡರಿನ ಸ್ಪ್ರಿಂಗ್ ಹೇಗಿರಬೇಡ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಕಬ್ಬಿಣದ ಸ್ಪ್ರಿಂಗಿಗೆ ತುಕ್ಕು. ಅಗ್ಗದ ಜಂಪರ್ ವೈರುಗಳಲ್ಲಿ ಕೆಲವು ಬರೀ ತಾಮ್ರದ ಲೇಪದ ಉಕ್ಕು. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತವೆ, ಅವನ್ನು ಮೋಟಾರಿನ ದಾರಿಗೆ ಬಳಸಲೇಬಾರದು. ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿ ಅಕ್ಕಪಕ್ಕದ ಕಾಲುಗಳ ನಡುವೆ ಸಣ್ಣಗೆ ಕರೆಂಟ್ ಸೋರಿಸಬಹುದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆ ಬ್ರಷ್ ಅದ್ದಿ ತೊಳೆದುಬಿಡಿ. ರಜೆಯಲ್ಲಿ ಬೋರ್ಡುಗಳನ್ನು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಅಲ್ಲಿಯ ಹೊಗೆ ಮತ್ತು ಮಸಿ ಇನ್ನೊಂದು ಕಥೆ.

ಲ್ಯಾಬುಗಳಲ್ಲಿ ಇನ್ನೊಂದು ಕೆಟ್ಟ ಅಭ್ಯಾಸ ಇದೆ. ಕೆಟ್ಟ ಬೋರ್ಡನ್ನು ಯಾರೂ ಎಸೆಯುವುದಿಲ್ಲ, ರಿಪೇರಿಯೂ ಮಾಡುವುದಿಲ್ಲ, ಅದೇ ಪೆಟ್ಟಿಗೆಗೆ ವಾಪಸ್ ಹಾಕುತ್ತಾರೆ. ಮುಂದಿನ ವರ್ಷ ಇನ್ನೊಂದು ಬ್ಯಾಚ್ ಅದನ್ನೇ ಎತ್ತಿಕೊಂಡು ವಾರಗಟ್ಟಲೆ ಕೋಡ್ ತಿದ್ದುತ್ತದೆ. ಕೆಂಪು ಟೇಪ್ ಸುತ್ತಿ "ಗ್ರೌಂಡ್ ಟರ್ಮಿನಲ್, 1.4 ವೋಲ್ಟ್ ಡ್ರಾಪ್" ಅಂತ ಬರೆದು ಅಂಟಿಸಿದರೆ ಸಾಕು. ಬರೀ "ಕೆಟ್ಟಿದೆ" ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ.

ಅಡಿಕೆ ರೋಬೋದ ಕಾಲನ್ನು ಮತ್ತೆ ಬೆಸೆದ ಮೇಲೆ ಅದೇ ಎರಡು ಜಾಗದಲ್ಲಿ 0.03 ಬಂತು. 5 ವೋಲ್ಟ್ ವೈರನ್ನು ವಾಪಸ್ ಹಾಕಿ ಅರ್ಧ ಖಾಲಿ ಸೆಲ್ಲಿನಲ್ಲೇ ಓಡಿಸಿದರು, ರೀಸೆಟ್ ಇಲ್ಲ. ಉಳಿದದ್ದು ಪ್ಲಸ್ ದಾರಿಯ ಆ 0.3 ವೋಲ್ಟ್. ವೈರಿನ ತುದಿಗಳನ್ನೂ ಸ್ವಿಚ್ಚಿನ ಕಾಲುಗಳನ್ನೂ ಬೇರೆ ಬೇರೆ ಅಳೆದಾಗ 0.22 ಸ್ವಿಚ್ಚಿನೊಳಗೇ ಇತ್ತು. ಆಟಿಕೆಗೆ ಹಾಕುವಂಥ ಪುಟ್ಟ ಸ್ಲೈಡ್ ಸ್ವಿಚ್ ಅದು. ಅದರ ಜಾಗಕ್ಕೆ 6 ಆಂಪಿನ ರಾಕರ್ ಸ್ವಿಚ್ ಹಾಕಲು ಹೇಳಿ ಕಳಿಸಿದೆ.